ಗ್ಲಾಸ್ಗೋದಲ್ಲಿ ಒಂದು ವರ್ಷ ಓದಿದ್ದು: ಕತ್ತಲು, ಅಡುಗೆಮನೆ, ಬಾಡಿಗೆ, ಪಾರ್ಟ್‌ಟೈಮ್ (ಸ್ಕಾಟ್ಲೆಂಡ್‌ಗೆ ಬರೋರು ಓದಿ)

ತುಮಕೂರಿನವಳು:

ಎಲ್ಲರಿಗೂ ನಮಸ್ಕಾರ. 2024ರ ಸೆಪ್ಟೆಂಬರ್‌ನಲ್ಲಿ ಮಾಸ್ಟರ್ಸ್ ಮಾಡೋಕೆ ಅಂತ ಗ್ಲಾಸ್ಗೋಗೆ ಬಂದೆ, ಮರುವರ್ಷ ಆಗಸ್ಟ್‌ನಲ್ಲಿ ಡಿಸರ್ಟೇಶನ್ (ಕೊನೇ ದೊಡ್ಡ ಪ್ರಬಂಧ) ಕೊಟ್ಟು ಮುಗಿಸ್ದೆ. ಹೊರಡೋಕೆ ಮುಂಚೆ ಎಷ್ಟು ಹುಡುಕಿದ್ರೂ ಸಿಕ್ಕಿದ್ದೆಲ್ಲ ವೀಸಾ, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್, ರ‍್ಯಾಂಕಿಂಗ್ ಇವೇ. ಅಲ್ಲಿ ಬೆಳಗ್ಗೆ ಎದ್ರೆ ರಾತ್ರಿ ಮಲಗೋತನಕ ದಿನ ಹೆಂಗೆ ಕಳಿಯುತ್ತೆ ಅಂತ ಕನ್ನಡದಲ್ಲಿ ಬರೆದಿದ್ದು ಒಂದೂ ಕಣ್ಣಿಗೆ ಬೀಳ್ಲಿಲ್ಲ. ಮುಂದಿನ ಸೆಪ್ಟೆಂಬರ್‌ಗೆ ಬರೋರಿಗೆ ಆಗ್ಲಿ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಊರಲ್ಲಿ ಎಲ್ಲರೂ ಹೆದರಿಸಿದ್ದು ಚಳಿ ಬಗ್ಗೆ. ಚಳಿಗೆ ಜಾಕೆಟ್ ಇದೆ, ಮನೆ ಒಳಗೆ ಹೀಟಿಂಗ್ ಇದೆ, ಒಂದೆರಡು ವಾರದಲ್ಲಿ ಮೈ ಒಗ್ಗುತ್ತೆ. ನನ್ನನ್ನ ಬಗ್ಗಿಸಿದ್ದು ಕತ್ತಲು. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತಾರೆ, ಅಲ್ಲಿಂದ ಶುರು. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟೋದು ಎಂಟೂ ಮುಕ್ಕಾಲಿಗೆ, ಮುಳುಗೋದು ಮೂರೂ ಮುಕ್ಕಾಲಿಗೆ. ನಮ್ಮೂರಲ್ಲಿ ಮಟಮಟ ಮಧ್ಯಾಹ್ನ ಅಂತೀವಲ್ಲ, ಆ ಹೊತ್ತಲ್ಲೂ ಇಲ್ಲಿ ನೆರಳು ರಸ್ತೆ ತುಂಬಾ ಉದ್ದಕ್ಕೆ ಬಿದ್ದಿರುತ್ತೆ, ಸೂರ್ಯ ಮೇಲಕ್ಕೇ ಬರಲ್ಲ, ಅದೂ ಸೂರ್ಯ ಕಂಡ ದಿನ. ಮಿಕ್ಕ ದಿನ ಮೋಡ ಮುಚ್ಕೊಂಡು ಜಿಟಿಜಿಟಿ ಹನಿತಾ ಇರುತ್ತೆ. ಅದಕ್ಕೆ ಇಲ್ಲಿಯವರು ಡ್ರೀಖ್ ಅಂತಾರೆ, ಬಂದ ವಾರದಲ್ಲೇ ಕಲಿತೀರ.

ಕ್ಲಾಸು ನನಗೆ ವಾರಕ್ಕೆ ಒಂಬತ್ತು ಗಂಟೆ ಅಷ್ಟೇ ಇತ್ತು. ಮಿಕ್ಕಿದ್ದೆಲ್ಲ ನೀವೇ ಓದ್ಕೋಬೇಕು. ಹೊರಗೆ ಹೋಗ್ಲೇಬೇಕು ಅನ್ನೋ ಕಾರಣನೇ ಇರಲ್ಲ, ಅದೇ ಅಪಾಯ. ಡಿಸೆಂಬರ್ ಮಧ್ಯದಲ್ಲಿ ಎಸ್ಸೆಗಳನ್ನ ಸಬ್ಮಿಟ್ ಮಾಡಿದ ಮೇಲೆ ನಾನು ನಾಲ್ಕು ದಿನ ರೂಮಿಂದ ಆಚೆ ಬರ್ಲಿಲ್ಲ. ಜ್ವರ ಇಲ್ಲ, ಏನಿಲ್ಲ. ಮಲಗೋದು, ಫೋನ್ ನೋಡೋದು, ಬ್ರೆಡ್ ತಿನ್ನೋದು, ಅಮ್ಮ ಫೋನ್ ಮಾಡಿದ್ರೆ ಓದ್ತಿದೀನಿ ಅನ್ನೋದು.

ನನ್ನ ಫ್ಲ್ಯಾಟ್‌ಮೇಟ್ ಸ್ಕಾಟ್ಲೆಂಡಿನ ವಾಯವ್ಯಕ್ಕಿರೋ ಲೂಯಿಸ್ ದ್ವೀಪದ ಹುಡುಗಿ. ಉಲ್ಲಾಪೂಲ್‌ನಿಂದ ಆ ದ್ವೀಪದ ಸ್ಟಾರ್ನೋವೇಗೆ ಹೋಗೋ ಹಡಗು ಗಾಳಿಗೆ ನಿಂತುಹೋಗಿತ್ತು, ಹಂಗಾಗಿ ಹಬ್ಬಕ್ಕೆ ಊರಿಗೆ ಹೋಗ್ಬೇಕಾದವಳು ಎರಡು ದಿನ ಇಲ್ಲೇ ಉಳ್ಕೊಂಡಿದ್ಳು. ಅವಳು ಬಾಗಿಲು ತಟ್ಟಿ, ಒಂದೂ ಪ್ರಶ್ನೆ ಕೇಳ್ದೆ, ಅಡುಗೆಮನೆಗೆ ಕರ್ಕೊಂಡ್ ಹೋಗಿ ಒಂದು ಬಟ್ಟಲು ಪಾರಿಡ್ಜ್ ಕೊಟ್ಳು. ಓಟ್ಸು, ನೀರು, ಉಪ್ಪು. ಸಕ್ಕರೆ ಇಲ್ಲ, ಹಾಲು ಪಕ್ಕದಲ್ಲಿ ಬೇರೆ ಕಪ್ಪಲ್ಲಿ. ಬಾಯಿಗಿಟ್ಟ ತಕ್ಷಣ ನನಗೆ ಅನ್ಸಿದ್ದು ಇದು ಗಂಜಿ ಅಂತ. ಜ್ವರ ಬಂದಾಗ ಅಜ್ಜಿ ಕೊಡ್ತಿದ್ದ ಗಂಜಿ. ನಾನು ಹೋಗಿ ಮೊಸರು ಕಡ್ದು ಮಜ್ಜಿಗೆ ಮಾಡ್ಕೊಂಡು, ಮಾವಿನಕಾಯಿ ಉಪ್ಪಿನಕಾಯಿ ತಂದು ಅದಕ್ಕೆ ಹಾಕ್ಕೊಂಡೆ, ಅವಳೂ ಒಂದು ಚೂರು ನಂಚ್ಕೊಂಡ್ಳು. ಅವಳು ಫೋನಲ್ಲಿ ಅಜ್ಜಿ ಜೊತೆ ಗಾಲಿಕ್‌ನಲ್ಲಿ ಮಾತಾಡ್ತಾಳೆ (ಸ್ಕಾಟ್ಲೆಂಡಿನ ಹಳೇ ಭಾಷೆ, ನಾವು ಗೇಲಿಕ್ ಅಂತ ಓದ್ತೀವಿ, ಅವರು ಹೇಳೋದು ಗಾಲಿಕ್), ನಾನು ನಮ್ಮಜ್ಜಿ ಜೊತೆ ಕನ್ನಡದಲ್ಲಿ. ಗೋಡೆ ಆಚೆ ಈಚೆ ಇಬ್ಬರೂ ಮೂರು ತಿಂಗಳು ಕೇಳಿಸ್ಕೊಂಡಿದ್ವಿ, ಅವತ್ತೇ ಮೊದಲ ಸಲ ಅದರ ಬಗ್ಗೆ ಮಾತಾಡಿದ್ದು.

ಹೊರಡೋವಾಗ ಅವಳು ಹೇಳಿದ್ದು ಒಂದೇ ಮಾತು: ಮಳೆ ಬರ್ಲಿ ಬಿಡ್ಲಿ, ದಿನಾ ಮಧ್ಯಾಹ್ನದ ಒಳಗೆ ಒಂದು ಸಲ ಹೊರಗೆ ಹೋಗು, ಮೂರು ಗಂಟೆ ಮೇಲೆ ಹೋದ್ರೆ ಅದು ಲೆಕ್ಕಕ್ಕಿಲ್ಲ. ಅವತ್ತಿಂದ ನಾನು ಕೆಲ್ವಿನ್‌ಗ್ರೋವ್ ಪಾರ್ಕ್ ದಾಟಿ ಅಲ್ಲಿನ ಮ್ಯೂಸಿಯಂಗೆ ನಡ್ಕೊಂಡ್ ಹೋಗಿ ಬರೋದು ಅಭ್ಯಾಸ ಮಾಡ್ಕೊಂಡೆ. ಟಿಕೆಟ್ ಇಲ್ಲ, ಒಳಗೆ ಬೆಚ್ಚಗಿರುತ್ತೆ, ಮಧ್ಯಾಹ್ನ ಅಲ್ಲಿನ ದೊಡ್ಡ ಪೈಪ್ ಆರ್ಗನ್ ನುಡಿಸ್ತಾರೆ, ಕೂತು ಕೇಳ್ಬೋದು. ಇದೊಂದು ಇಲ್ದಿದ್ರೆ ನಾನು ಜನವರಿ ದಾಟ್ತಿರ್ಲಿಲ್ಲ ಅಂತ ನಿಜವಾಗ್ಲೂ ಅನ್ಸುತ್ತೆ. ಜೊತೆಗೆ ವಿಟಮಿನ್ ಡಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ 10 ಮೈಕ್ರೋಗ್ರಾಂ ಎಲ್ಲರೂ ತಗೊಳ್ಳೋದು ಒಳ್ಳೇದು ಅಂತ ಇಲ್ಲಿನ ಸರ್ಕಾರನೇ ಹೇಳುತ್ತೆ, ಸೂಪರ್‌ಮಾರ್ಕೆಟಲ್ಲಿ ಸಿಗುತ್ತೆ, ಮರೀಬೇಡಿ.

ಇನ್ನೊಂದು ಖುಷಿ ವಿಷಯ, ನೀರು. ನಮ್ಮನೇದು ಬೋರ್‌ವೆಲ್ ನೀರು, ಬೇಳೆ ನೆನೆಸಿಟ್ಟು ಐದು ವಿಷಲ್ ಕೂಗಿಸಿದ್ರೂ ಕಾಳು ಕಾಳಾಗಿ ಉಳಿಯುತ್ತೆ, ಪಾತ್ರೆ ತಳದಲ್ಲಿ ಬಿಳೀ ಪೊರೆ. ಗ್ಲಾಸ್ಗೋಗೆ ನೀರು ಬರೋದು ಲಾಕ್ ಕ್ಯಾಟ್ರಿನ್ ಅನ್ನೋ ಸರೋವರದಿಂದ, 1859ರಿಂದ ಅದೇ ನೀರು, ತುಂಬಾ ಮೆದು. ತೊಗರಿಬೇಳೆ ಎರಡೇ ವಿಷಲ್‌ಗೆ ಬೆಣ್ಣೆ ಹಂಗೆ ಆಗುತ್ತೆ. ವರ್ಷ ಪೂರ್ತಿ ಬಳಸಿದ ಕೆಟಲ್ ಒಳಗೆ ಕೈಯಾಡಿಸಿ ನೋಡಿದೀನಿ, ನುಣ್ಣಗಿದೆ. ನಲ್ಲಿ ನೀರೇ ಕುಡೀಬೋದು, ಕ್ಯಾನ್ ನೀರಿಗೆ ದುಡ್ಡು ಹಾಕ್ಬೇಡಿ.

ಏನಿದ್ರೂ ಕೇಳಿ, ಗೊತ್ತಿರೋದು ಹೇಳ್ತೀನಿ.

ಕಡಲತಡಿ:

ತುಂಬಾ ಒಳ್ಳೆ ಬರಹ. ನಾನು ಮಂಗಳೂರಿನವ, ಅಬರ್ಡೀನ್‌ನಲ್ಲಿ ಇರುವುದು, ಪಿಎಚ್‌ಡಿ ಮೂರನೇ ವರ್ಷ. ಇಲ್ಲಿ ಗ್ಲಾಸ್ಗೋಗಿಂತ ಇನ್ನೂ ಬೇಗ ಕತ್ತಲಾಗ್ತದೆ, ಡಿಸೆಂಬರ್‌ನಲ್ಲಿ ಮೂರೂವರೆಗೆ ಎಲ್ಲ ಮುಗೀತದೆ. ಊರಿಡೀ ಬೂದು ಬಣ್ಣದ ಗ್ರಾನೈಟ್ ಕಲ್ಲಿನ ಮನೆಗಳು, ಮೋಡವೂ ಅದೇ ಬಣ್ಣ. ಆದ್ರೆ ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕು ಉಂಟು, ಅದನ್ನು ಕೂಡ ಹೇಳ್ಬೇಕು ಮಾರಾಯ್ರೆ, ಬರಿ ಕತ್ತಲು ಹೇಳಿದ್ರೆ ಮಕ್ಕಳು ಹೆದರ್ತಾರೆ.

ಮೀನು ತಿನ್ನುವವರಿಗೆ ಒಂದು ಮಾತು. ಇಲ್ಲಿಂದ ಮೇಲೆ ಪೀಟರ್‌ಹೆಡ್ ಅಂತ ದೊಡ್ಡ ಮೀನುಗಾರಿಕೆ ಬಂದರು ಉಂಟು, ಆ ಕಡೆಯಿಂದ ಮ್ಯಾಕರೆಲ್ ಬರ್ತದೆ. ಅಂದ್ರೆ ಬಂಗುಡೆಯ ದಾಯಾದಿ. ಮೊದಲ ಸಲ ತಂದು ಊರಿನ ಅಂದಾಜಿನಲ್ಲೇ ಪುಳಿಮುಂಚಿ (ಹುಳಿ ಖಾರದ ಮೀನು ಸಾರು) ಮಾಡಿದೆ, ಸಾರಿನ ಮೇಲೆಲ್ಲ ಎಣ್ಣೆ ತೇಲಿತು. ಈ ಮೀನಿಗೆ ಕೊಬ್ಬು ಜಾಸ್ತಿ, ನಮ್ಮ ಬಂಗುಡೆಯ ಹಾಗಲ್ಲ. ಈಗ ಎಣ್ಣೆ ಹಾಕುವುದೇ ಇಲ್ಲ, ಹುಣಸೆ ಹುಳಿ ಒಂದೂವರೆ ಪಾಲು ಹಾಕ್ತೇನೆ, ಶುಂಠಿ ಜಾಸ್ತಿ, ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೀನು ಹಾಕಿ ಐದೇ ನಿಮಿಷ. ಮರುದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಅದು ಎಷ್ಟು ರುಚಿ ಆಗ್ತದೆ ಅಂದ್ರೆ, ಊರಿಗೆ ಹೋದಾಗ ಅಮ್ಮನಿಗೆ ಹೇಳಿ ಬೈಸಿಕೊಂಡಿದ್ದೇನೆ.

ದಾವಣಗೆರೆ ತಂದೆ:

ನಮಸ್ಕಾರ. ನನ್ನ ಮಗಳಿಗೆ ಗ್ಲಾಸ್ಗೋದಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ, ಈಗ 21 ವರ್ಷ. ನಾವು ಸಸ್ಯಾಹಾರಿಗಳು. ಮನೆ ಬಿಟ್ಟು ಎಲ್ಲೂ ಇದ್ದವಳಲ್ಲ. ಅವಳ ತಾಯಿಗೆ ನಿದ್ದೆ ಬರ್ತಿಲ್ಲ. ಹುಷಾರು ತಪ್ಪಿದರೆ ಡಾಕ್ಟರ್ ಹತ್ತಿರ ಹೇಗೆ ಹೋಗೋದು, ರಾತ್ರಿ ಹೊತ್ತು ಓಡಾಡೋದು ಹೇಗೆ, ಬಸ್ಸು ಇರುತ್ತಾ, ಮತ್ತೆ ಏಜೆಂಟ್ ಹೇಳ್ತಾರೆ ಪಾರ್ಟ್‌ಟೈಮ್ ಮಾಡಿದರೆ ಎರಡನೇ ಕಂತಿನ ಫೀಸು ಅವಳೇ ಕಟ್ಟಿಕೊಳ್ತಾಳೆ ಅಂತ, ಇದು ನಿಜವಾ? ದಯವಿಟ್ಟು ತಿಳಿಸಿ.

ತುಮಕೂರಿನವಳು:

ಸರ್, ನಮ್ಮಮ್ಮನೂ ಹಂಗೇ ಇದ್ರು, ಆಂಟಿಗೆ ಧೈರ್ಯ ಹೇಳಿ. ಒಂದೊಂದಾಗಿ ಹೇಳ್ತೀನಿ.

ಡಾಕ್ಟರ್: ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್ ಲೆಕ್ಕದಲ್ಲಿ ಕಟ್ಟಿರ್ತೀರಲ್ಲ, ಅದಕ್ಕೇ ಎಲ್ಲ ಬರುತ್ತೆ. ಬಂದ ಮೊದಲ ವಾರನೇ ಮನೆ ಹತ್ತಿರದ ಜಿಪಿ ಸರ್ಜರಿಲಿ (ಆಪರೇಶನ್ ಅಲ್ಲ, ಮಾಮೂಲಿ ಡಾಕ್ಟರ್ ಕ್ಲಿನಿಕ್) ಹೆಸರು ನೋಂದಾಯಿಸ್ಲಿ, ಹುಷಾರು ತಪ್ಪಿದ ಮೇಲೆ ಅಲ್ಲ. ಸ್ಕಾಟ್ಲೆಂಡಲ್ಲಿ ಡಾಕ್ಟರ್ ಬರೆದ ಔಷಧಿಗೆ ದುಡ್ಡಿಲ್ಲ, 2011ರಿಂದ ಹಂಗೇ, ಇಂಗ್ಲೆಂಡಲ್ಲಿ ಆದ್ರೆ ಕೊಡ್ಬೇಕು. ಕಣ್ಣು ಪರೀಕ್ಷೆನೂ ಉಚಿತ, ಕನ್ನಡಕಕ್ಕೆ ಮಾತ್ರ ದುಡ್ಡು. ಹಲ್ಲು ಮಾತ್ರ ಊರಲ್ಲೇ ತೋರಿಸ್ಕೊಂಡು, ಏನಾದ್ರೂ ತುಂಬಿಸೋದಿದ್ರೆ ತುಂಬಿಸ್ಕೊಂಡೇ ಬರ್ಲಿ, ಇಲ್ಲಿ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಡೆಂಟಿಸ್ಟ್ ಸಿಗೋದು ಕಷ್ಟ. ರಾತ್ರಿ ಜಿಪಿ ಮುಚ್ಚಿರೋವಾಗ 111ಕ್ಕೆ ಫೋನ್ ಮಾಡ್ಬೇಕು, ಜೀವಕ್ಕೆ ಅಪಾಯ ಅನ್ನೋ ಹಂಗಿದ್ರೆ 999ಕ್ಕೆ.

ಬಸ್ಸು: ಮಗಳಿಗೆ 22 ತುಂಬೋವರೆಗೂ ಸ್ಕಾಟ್ಲೆಂಡ್ ಇಡೀ ಬಸ್ಸು ಫ್ರೀ. 2022ರ ಜನವರಿಯಿಂದ ಇದೆ, ಇಲ್ಲಿ ವಾಸ ಇರೋ ವಿದೇಶಿ ವಿದ್ಯಾರ್ಥಿಗಳಿಗೂ ಸಿಗುತ್ತೆ. ಬಂದ ತಕ್ಷಣ ಕಾರ್ಡಿಗೆ ಅರ್ಜಿ ಹಾಕ್ಲಿ. ನನಗೆ ಬರೋವಾಗಲೇ 23 ಆಗಿತ್ತು, ಸಿಗ್ಲಿಲ್ಲ. ಸಬ್‌ವೇ (ಇಲ್ಲಿನ ಸುರಂಗ ರೈಲು) ಆ ಕಾರ್ಡಲ್ಲಿ ಬರಲ್ಲ. ಗ್ಲಾಸ್ಗೋ ಸಬ್‌ವೇ 1896ರದ್ದು, ಹದಿನೈದೇ ಸ್ಟೇಷನ್, ವೃತ್ತಾಕಾರವಾಗಿ ಸುತ್ತುತ್ತೆ. ತಪ್ಪು ದಿಕ್ಕಲ್ಲಿ ಹತ್ತಿದ್ರೂ ಕೂತಲ್ಲೇ ಕೂತಿದ್ರೆ ಇಳೀಬೇಕಾದ ಜಾಗ ಬಂದೇ ಬರುತ್ತೆ, ಮೊದಲ ತಿಂಗಳು ನನಗೆ ಅದೇ ಸಮಾಧಾನ.

ರಾತ್ರಿ: ಲೈಬ್ರರಿಯಿಂದ ಹತ್ತು ಹತ್ತೂವರೆಗೆ ಎಷ್ಟೋ ಸಲ ಒಬ್ಬಳೇ ನಡ್ಕೊಂಡು ಬಂದಿದೀನಿ, ದೊಡ್ಡ ರಸ್ತೇಲಿ. ಪಾರ್ಕ್ ಒಳಗಡೆ ಕತ್ತಲಾದ ಮೇಲೆ ಹೋಗಲ್ಲ, ಶುಕ್ರವಾರ ಶನಿವಾರ ರಾತ್ರಿ ಸಿಟಿ ಸೆಂಟರ್‌ನಲ್ಲಿ ಕುಡಿದವರು ಜಾಸ್ತಿ, ಆಗ ಇಬ್ಬರು ಮೂವರು ಜೊತೆಗಿರೋದು ಒಳ್ಳೇದು.

ಜನ ಮಾತ್ರ ತುಂಬಾ ಒಳ್ಳೆಯವರು ಸರ್. ಬಸ್ಸಿಂದ ಇಳಿಯೋ ಪ್ರತಿಯೊಬ್ಬರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳೇ ಇಳೀತಾರೆ. ಮಾತು ಅರ್ಥ ಆಗೋಕೆ ಎರಡು ತಿಂಗಳು ಬೇಕು. ಎಲ್ಲದಕ್ಕೂ ಮುಂದೆ ವೀ ಅಂತ ಸೇರಿಸ್ತಾರೆ, ವೀ ಟೀ, ವೀ ಮಿನಿಟ್, ನಾವು ಸ್ವಲ್ಪ ಬನ್ನಿ, ಸ್ವಲ್ಪ ಕೇಳಿ ಅಂತೀವಲ್ಲ ಅದೇ ಥರ. ಯಾಕಿಲ್ಲ ಅನ್ನೋಕೆ ಹೌ ನೋ ಅಂತಾರೆ. ಫ್ಲ್ಯಾಟ್‌ಮೇಟ್ ಒಂದಿನ ಮೆಸೇಜಸ್ ತರೋಕೆ ಹೋಗ್ತೀನಿ ಅಂದ್ಳು, ಬಂದಾಗ ಕೈಯಲ್ಲಿ ಹಾಲು, ಆಲೂಗಡ್ಡೆ. ಇಲ್ಲಿ ಮೆಸೇಜಸ್ ಅಂದ್ರೆ ಮನೆ ಸಾಮಾನು.

ಸಸ್ಯಾಹಾರಕ್ಕೆ ಯೋಚನೆ ಬೇಡ. ಪೊಲಕ್‌ಶೀಲ್ಡ್ಸ್, ಗವನ್‌ಹಿಲ್ ಕಡೆ ಪಾಕಿಸ್ತಾನಿ, ಭಾರತೀಯ ಅಂಗಡಿಗಳು ಸಾಲಾಗಿವೆ. ಬೇಳೆ, ಹುಣಸೆಹಣ್ಣು, ತುರಿದ ಫ್ರೋಜನ್ ಕಾಯಿ, ರಾಗಿಹಿಟ್ಟು ಎಲ್ಲ ನನಗೆ ಸಿಕ್ಕಿದೆ. ಊರಿಂದ ಸಾರಿನ ಪುಡಿ, ಹುಳಿಪುಡಿ ಮಾತ್ರ ತರ್ಲಿ. ತುಪ್ಪ, ಹಾಲಿನ ಸಿಹಿ ಸೂಟ್‌ಕೇಸಲ್ಲಿ ಹಾಕ್ಬೇಡಿ, ಭಾರತದಿಂದ ಹಾಲಿನ ಪದಾರ್ಥ ಒಳಗೆ ತರೋ ಹಂಗಿಲ್ಲ.

ಪಾರ್ಟ್‌ಟೈಮ್ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಹೇಳ್ತಾರೆ.

ಹುಬ್ಬಳ್ಳಿ ಹುಡುಗ:

ಸರ, ನಾ ಹೇಳ್ತೇನ್ರಿ. ಸ್ಕಾಟ್ಲೆಂಡಿನ ಡಂಡೀದಾಗ ಓದೀನಿ. ಆ ಏಜೆಂಟ್ ಮಾತು ನಂಬಬ್ಯಾಡ್ರಿ, ಕೈ ಮುಗದ ಹೇಳ್ತೇನಿ. ಸ್ಟೂಡೆಂಟ್ ವೀಸಾದಾಗ ಕ್ಲಾಸ್ ನಡಿಯೂ ಹೊತ್ತಿನ್ಯಾಗ ವಾರಕ್ಕ 20 ತಾಸು ಅಷ್ಟ ಕೆಲಸ ಮಾಡಬೇಕು. 2025ರ ಏಪ್ರಿಲ್‌ದಿಂದ 2026ರ ಮಾರ್ಚ್ ತನಕ 21 ವರ್ಷ ಆದವರಿಗೆ ಕನಿಷ್ಠ ಕೂಲಿ ತಾಸಿಗೆ 12.21 ಪೌಂಡ್ ಇತ್ತು. ಪೂರಾ 20 ತಾಸು ಸಿಕ್ಕರ ಆ ಲೆಕ್ಕದಾಗ ವಾರಕ್ಕ 244 ಪೌಂಡ್. ಆದ್ರ ಸಿಗೂದಿಲ್ರಿ. ನಾ ಸೆಪ್ಟೆಂಬರ್‌ದಾಗ ಬಂದಾಂವಗ ಕೆಲಸ ಸಿಕ್ಕಿದ್ದು ನವೆಂಬರ್ ಕಡೀಕ, ಒಂದು ಹೋಟೆಲಿನ ಅಡಗಿಮನ್ಯಾಗ ಪಾತ್ರಿ ತೊಳೆಯೂದು. ಕ್ರಿಸ್‌ಮಸ್ ತನಕ 20 ತಾಸು ಕೊಟ್ರು, ಜನವರಿ ಬಂತು ನೋಡ್ರಿ, ವಾರಕ್ಕ ಆರು ತಾಸು. ಒಂದು ವಾರ ಏನೂ ಇಲ್ಲ. ಆ ಕಾಂಟ್ರಾಕ್ಟೇ ಹಂಗ, ಇಷ್ಟ ತಾಸು ಕೊಡತೇವಿ ಅಂತ ಎಲ್ಲೂ ಬರದಿರೂದಿಲ್ಲ. ಊಟದ ಖರ್ಚು, ಫೋನು, ಸ್ವಲ್ಪ ಬಾಡಗಿ, ಅಷ್ಟಕ್ಕ ಆಗತೈತಿ. ಫೀಸಿನ ರೊಕ್ಕ ಊರಾಗ ಹೊಂದಿಸಿಟ್ಟ ಕಳಸ್ರಿ.

ಇನ್ನೊಂದು ಭಾಳ ಮಂದಿಗೆ ಗೊತ್ತಿಲ್ಲದ್ದು. ಮಾಸ್ಟರ್ಸ್‌ದವರಿಗೆ ಬ್ಯಾಸಗಿ ಡಿಸರ್ಟೇಶನ್ ಟೈಮ್ ರಜಾ ಅಂತ ಲೆಕ್ಕ ಇಲ್ರಿ, ಆಗೂ 20 ತಾಸಿನ ಮಿತಿ ಇರತೈತಿ. ಜೂನ್ ಬಂತು ಫುಲ್‌ಟೈಮ್ ಮಾಡಬಹುದು ಅಂದ್ಕೊಂಡು ವೀಸಾಕ್ಕ ತೊಂದ್ರಿ ಮಾಡ್ಕೊಂಡವ್ರು ಅದಾರ. ಯೂನಿವರ್ಸಿಟಿ ಇಂಟರ್‌ನ್ಯಾಷನಲ್ ಆಫೀಸಿನ್ಯಾಗ ಬರದ ಕೇಳ್ಕೊಳ್ಳಲಿ.

(ಪೇಡೆ ತರಂಗಿಲ್ಲ ಅನ್ನೂದು ನಮ್ಮ ಕಡಿಯವ್ರಿಗೆ ಭಾಳ ದುಃಖದ ಮಾತರಿ. ನಮ್ಮವ್ವ ಎರಡ ಕಿಲೋ ಕಟ್ಟಿ ಇಟ್ಟಿದ್ಲು.)

ರೈಡರ್98:

ನನ್ನ ಫ್ರೆಂಡ್ ಒಬ್ಬ ಫುಡ್ ಡೆಲಿವರಿ ಮಾಡ್ತಾನೆ, ಬೇರೆಯವರ ಅಕೌಂಟ್ ಬಾಡಿಗೆಗೆ ತಗೊಂಡು, ತಿಂಗಳಿಗೆ ಚೆನ್ನಾಗೇ ಬರುತ್ತೆ. ಯಾರೂ ಕೇಳಲ್ಲ. ಹೆದರಿಸ್ಬೇಡಿ ಸುಮ್ನೆ.

ಹುಬ್ಬಳ್ಳಿ ಹುಡುಗ:

ತಮ್ಮಾ, ಸ್ಟೂಡೆಂಟ್ ವೀಸಾದಾಗ ಸ್ವಂತ ಉದ್ಯೋಗ ಮಾಡಂಗೇ ಇಲ್ಲ, ಡೆಲಿವರಿ ಆ್ಯಪ್ ಕೆಲಸ ಅದರಾಗ ಬರತೈತಿ. ಬ್ಯಾರೆಯವರ ಅಕೌಂಟಿನ್ಯಾಗ ಓಡಸೂದು ಅಂದ್ರ ಅದರಕಿಂತ ದೊಡ್ಡ ತಪ್ಪು. ಸಿಕ್ಕಿಬಿದ್ರ ವೀಸಾ ರದ್ದು, ಅಪ್ಪ ಹೊಲಾ ಅಡಾ ಇಟ್ಟು ತಂದ ಸಾಲ ಹಂಗ ಉಳೀತೈತಿ, ಡಿಗ್ರಿನೂ ಇಲ್ಲ. ನಿನ್ನ ಗೆಳ್ಯಾಗ ಇವತ್ತ ಹೇಳು. ನಾ ಹೆದರಸಾಕತ್ತಿಲ್ಲ, ಕಳಕಳಿಯಿಂದ ಹೇಳಾಕತ್ತೀನಿ.

ಎಡಿನ್‌ಬರಾ ಕನ್ನಡಿಗ:

ಬಾಡಿಗೆ ಬಗ್ಗೆ ನಾನು ಸೇರಿಸ್ತೀನಿ, ಯಾಕಂದ್ರೆ ಹೊಸಬರು ದುಡ್ಡು ಕಳ್ಕೊಳ್ಳೋದೇ ಇಲ್ಲಿ. ನನ್ನ ಕ್ಲಾಸ್‌ಮೇಟ್ ಒಬ್ಬ ಬೆಂಗಳೂರಲ್ಲೇ ಕೂತು ಫೋಟೋ ನೋಡಿ ಡೆಪಾಸಿಟ್ ಜೊತೆ ಒಂದು ತಿಂಗಳ ಬಾಡಿಗೆ ಕಳಿಸಿಬಿಟ್ಟ. ಬಂದು ಆ ವಿಳಾಸಕ್ಕೆ ಹೋದ್ರೆ ಅಲ್ಲಿ ಬೇರೆ ಸಂಸಾರ ಇದೆ, ಅವರಿಗೆ ಏನೂ ಗೊತ್ತಿಲ್ಲ. ಎರಡು ಸೂಟ್‌ಕೇಸ್ ಇಟ್ಕೊಂಡು ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡ್ದ, ಆ ದನಿ ನನಗೆ ಈಗ್ಲೂ ಕಿವೀಲಿದೆ.

ಸ್ಕಾಟ್ಲೆಂಡಲ್ಲಿ ಬಾಡಿಗೆದಾರನಿಗೆ ಕಾನೂನಿನ ರಕ್ಷಣೆ ಚೆನ್ನಾಗಿದೆ, ಗೊತ್ತಿರ್ಬೇಕು ಅಷ್ಟೇ. ಮನೆ ಬಾಡಿಗೆಗೆ ಕೊಡೋ ಪ್ರತಿ ಓನರ್ ನಗರಸಭೆ ಥರದ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿರ್ಬೇಕು, ಜಾಹೀರಾತಲ್ಲಿ ಆ ನಂಬರ್ ಇರ್ಬೇಕು, ಆನ್‌ಲೈನಲ್ಲಿ ಹಾಕಿ ನೋಡ್ಬೋದು. ಡೆಪಾಸಿಟ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದನ್ನ ಓನರ್ ತನ್ನ ಜೇಬಲ್ಲಿ ಇಟ್ಕೊಳ್ಳೋ ಹಾಗೂ ಇಲ್ಲ, 30 ಕೆಲಸದ ದಿನದೊಳಗೆ ಸರ್ಕಾರ ಒಪ್ಪಿರೋ ಸ್ಕೀಮ್‌ನಲ್ಲಿ ಇಡ್ಬೇಕು. ಏಜೆನ್ಸಿಯವರು ಆ ಫೀಸು ಈ ಫೀಸು ಅಂತ ಬಾಡಿಗೆದಾರನ ಹತ್ತಿರ ತಗೊಳ್ಳೋದು ಕಾನೂನುಬಾಹಿರ. ಖಾಸಗಿ ಮನೆ ಬಿಡೋಕೆ ನೀವು 28 ದಿನ ಮುಂಚೆ ಹೇಳಿದ್ರೆ ಸಾಕು, 2017ರ ಡಿಸೆಂಬರ್‌ನಿಂದ ಆದ ಅಗ್ರಿಮೆಂಟ್‌ಗಳಿಗೆ. ಸ್ಟೂಡೆಂಟ್ ಹಾಸ್ಟೆಲ್‌ಗೆ ಈ ನಿಯಮ ಬರಲ್ಲ, ಅಲ್ಲಿ ಸಾಮಾನ್ಯವಾಗಿ ಪೂರ್ತಿ ಅವಧಿ ಕಟ್ಬೇಕು. ಸಂಬಂಧ ಇಲ್ಲದ ಮೂರು ಅಥವಾ ಹೆಚ್ಚು ಜನ ಒಂದೇ ಮನೇಲಿದ್ರೆ ಎಚ್‌ಎಂಒ ಅನ್ನೋ ಲೈಸೆನ್ಸ್ ಓನರ್ ಹತ್ತಿರ ಇರ್ಬೇಕು, ಎರಡು ರೂಮಲ್ಲಿ ಆರು ಜನ ಇರೋಣ ಅನ್ನೋ ಗುಂಪಿಗೆ ಸೇರ್ಬೇಡಿ. ಕಷ್ಟ ಅಂದ್ರೆ ಗ್ಯಾರಂಟರ್ (ಬಾಡಿಗೆಗೆ ಜಾಮೀನು ನಿಲ್ಲೋರು), ಯುಕೆಯಲ್ಲಿರೋರೇ ಬೇಕು ಅಂತಾರೆ. ಕೆಲವು ಯೂನಿವರ್ಸಿಟಿಗಳೇ ಗ್ಯಾರಂಟರ್ ಆಗ್ತವೆ, ಕೇಳಿ ನೋಡಿ. ಕೌನ್ಸಿಲ್ ಟ್ಯಾಕ್ಸ್ (ವಾಸ ಇರೋರು ಕಟ್ಟೋ ಮನೆ ತೆರಿಗೆ) ಫುಲ್‌ಟೈಮ್ ಓದೋರಿಗೆ ಇಲ್ಲ, ಆದ್ರೆ ಅರ್ಜಿ ಹಾಕ್ಬೇಕು, ತಾನಾಗೇ ಬಿಡಲ್ಲ.

ನಮ್ಮ ಎಡಿನ್‌ಬರಾದಲ್ಲಿ ಆಗಸ್ಟ್‌ನಲ್ಲಿ ಫೆಸ್ಟಿವಲ್‌ಗಳು, ಆಗ ಮನೆ ಹುಡುಕೋದು ನರಕ. ಎಡಿನ್‌ಬರಾಗೆ ಬರೋರು ಮೇ ಜೂನಲ್ಲೇ ಯೂನಿವರ್ಸಿಟಿ ವಸತಿಗೆ ಅರ್ಜಿ ಹಾಕಿ.

ತುಮಕೂರಿನವಳು:

ಬಾಡಿಗೆದು ಎಷ್ಟು ವಿವರವಾಗಿ ಹೇಳಿದ್ರಿ, ತುಂಬಾ ಥ್ಯಾಂಕ್ಸ್. ನಾನು ಅಡುಗೆಮನೆ ಇನ್ನೂ ಎರಡು ವಿಷಯ ಬಿಟ್ಟಿದ್ದೆ.

ಒಂದು, ಒಗ್ಗರಣೆ. ಮೊದಲು ನಾನು ಹಾಸ್ಟೆಲಲ್ಲಿದ್ದೆ. ಬಂದ ಒಂಬತ್ತನೇ ದಿನ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕ್ದೆ. ಮೆಣಸಿನಕಾಯಿ ಕಪ್ಪಾಗೋಕೆ ಮುಂಚೆನೇ ಹೊಗೆಗೆ ಬೆಂಕಿ ಅಲಾರಂ ಹೊಡ್ಕೊಳ್ತು. ಕಟ್ಟಡ ಪೂರ್ತಿ ಖಾಲಿ, ಚಪ್ಪಲಿಯಲ್ಲಿ, ಪೈಜಾಮದಲ್ಲಿ, ಒಬ್ಬ ಹುಡುಗ ತಲೆಗೆ ಶಾಂಪೂ ಸಮೇತ, ಎಲ್ಲರೂ ಮಳೇಲಿ ಇಪ್ಪತ್ತು ನಿಮಿಷ ನಿಂತ್ರು. ಸೆಕ್ಯುರಿಟಿಯವರು ಯಾರು ಅಂತ ಕೇಳ್ದಾಗ ಕೈ ಎತ್ತಿದೆ, ಗಂಟಲು ಕಟ್ಟಿತ್ತು. ಪಕ್ಕದಲ್ಲಿದ್ದವಳು ಭುಜ ತಟ್ಟಿ ನೋ ಬಾದರ್ (ಪರವಾಗಿಲ್ಲ ಬಿಡು), ನಾನು ಹೋದ ವಾರ ಟೋಸ್ಟ್ ಸುಟ್ಟೆ ಅಂದ್ಳು. ಹಾಗಾಗಿ ಕೇಳಿ: ಅಡುಗೆಮನೆ ಬಾಗಿಲು ಹಾಕಿ, ಹೊಗೆ ಹೋಗೋಕೆ ಬಿಟ್ರೆ ಕಾರಿಡಾರ್‌ನಲ್ಲಿರೋ ಅಲಾರಂ ಹೊಡ್ಕೊಳ್ಳುತ್ತೆ. ಮೇಲಿನ ಫ್ಯಾನ್ ಮೊದಲೇ ಹಾಕಿ. ಎಣ್ಣೆ ಹದಕ್ಕೆ ಕಾದು ಸಾಸಿವೆ ಸಿಡಿದ ಮೇಲೆ ಸ್ಟವ್ ಆಫ್ ಮಾಡಿ, ಆ ಬಿಸೀಲೇ ಮೆಣಸಿನಕಾಯಿ, ಕರಿಬೇವು ಹಾಕಿ, ತಕ್ಷಣ ಸಾರಿಗೆ ಸುರೀರಿ. ಡಿಟೆಕ್ಟರ್‌ಗೆ ಕವರ್ ಕಟ್ಟೋದು ಯಾವತ್ತೂ ಮಾಡ್ಬೇಡಿ, ಅಪಾಯ, ಫೈನೂ ಹಾಕ್ತಾರೆ.

ಎರಡು, ಬಟ್ಟೆ ಒಣಗಿಸೋದು. ಚಳಿಗಾಲದಲ್ಲಿ ಜೀನ್ಸ್ ಒಣಗೋಕೆ ಮೂರು ದಿನ, ರೂಮಲ್ಲೇ ಹರವಿದ್ರೆ ಕಿಟಕಿ ಮೂಲೇಲಿ ಕರೀ ಬೂಷ್ಟು. ನಾನು ಆಮೇಲೆ ಹೋದ ಮನೆ ಹಳೇ ಟೆನಮೆಂಟ್ (ಹಳೇ ಕಾಲದ ಅಪಾರ್ಟ್‌ಮೆಂಟ್ ಕಟ್ಟಡ), ಮೂರನೇ ಮಹಡಿ. ಅದರ ಅಡುಗೆಮನೆ ಸೂರಿಗೆ ನಾಲ್ಕು ಉದ್ದ ಮರದ ಗಳ, ಹಗ್ಗ ಎಳೆದ್ರೆ ಕೆಳಗೆ ಬರುತ್ತೆ, ಬಟ್ಟೆ ಹಾಕಿ ಮತ್ತೆ ಮೇಲಕ್ಕೆ ಎಳೆದು ಗೋಡೆ ಕೊಕ್ಕೆಗೆ ಸುತ್ತಿಡೋದು. ಪುಲ್ಲಿ ಅಂತಾರೆ. ಮೇಲಿನ ಬಿಸಿ ಗಾಳಿಗೆ ಒಂದೇ ರಾತ್ರೀಲಿ ಒಣಗುತ್ತೆ. ನಮ್ಮಜ್ಜಿ ಮನೇಲಿ ಮಡಿ ಬಟ್ಟೆ ಒಣಗಿಸೋಕೆ ಜಂತೆಗೆ ಗಳ ಕಟ್ಟಿ ಕೋಲಲ್ಲಿ ಎತ್ತಿ ಹಾಕ್ತಿದ್ರಲ್ಲ, ವೀಡಿಯೋ ಕಾಲಲ್ಲಿ ತೋರಿಸ್ದಾಗ ಅಜ್ಜಿ ಎರಡು ಸಲ ಮೇಲೆ ಕೆಳಗೆ ಮಾಡಿಸಿ ನೋಡಿದ್ರು. ಒಗ್ಗರಣೆ ಹಾಕೋವಾಗ ಮಾತ್ರ ಪುಲ್ಲಿ ಮೇಲೆ ಬಟ್ಟೆ ಇರ್ಬಾರದು.

ಕಡಲತಡಿ:

ಇಲ್ಲಿ ಅಬರ್ಡೀನ್‌ನಲ್ಲಿ ಹೇಗಿದ್ದೀರಿ ಅನ್ನಲಿಕ್ಕೆ ಫಿಟ್ ಲೈಕ್ ಅಂತ ಕೇಳ್ತಾರೆ. ಮೊದಲು ಅರ್ಥ ಆಗದೆ ನಾನು ಜಿಮ್ ಬಗ್ಗೆ ಕೇಳ್ತಿದ್ದಾರೆ ಅಂತ ಎಣಿಸಿದ್ದೆ. ಬರುವವರಿಗೆ ಉಪಯೋಗ ಆದೀತು.

ದಾವಣಗೆರೆ ತಂದೆ:

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ರಾತ್ರಿ ಮಗಳು, ಅವಳ ತಾಯಿ, ನಾನು ಮೂವರೂ ಕೂತು ಎಲ್ಲವನ್ನೂ ಜೋರಾಗಿ ಓದಿದೆವು. ಫೀಸಿನ ಎರಡನೇ ಕಂತಿಗೆ ಬ್ಯಾಂಕಿನಲ್ಲಿ ಸಾಲದ ಮೊತ್ತ ಹೆಚ್ಚಿಸಲು ಸೋಮವಾರ ಹೋಗ್ತಿದ್ದೇನೆ. ಹುಬ್ಬಳ್ಳಿಯವರಿಗೆ ವಿಶೇಷ ಧನ್ಯವಾದ, ಏಜೆಂಟ್ ಮಾತು ಕೇಳಿದ್ದರೆ ಜನವರಿಯಲ್ಲಿ ಮಗು ಒಬ್ಬಳೇ ಒದ್ದಾಡ್ತಿದ್ದಳು. ಅವಳ ತಾಯಿಯದು ಒಂದೇ ಪ್ರಶ್ನೆ: ಕುಕ್ಕರ್ ಇಲ್ಲಿಂದ ಕಳಿಸೋದಾ, ಅಲ್ಲೇ ಕೊಳ್ಳೋದಾ?

ತುಮಕೂರಿನವಳು:

ಊರಿಂದಲೇ ತರ್ಲಿ ಸರ್, ಮೂರು ಲೀಟರ್‌ದು ಒಬ್ಬರಿಗೆ ಸಾಕು. ಅಲ್ಯೂಮಿನಿಯಂದು ಬೇಡ, ಇಲ್ಲಿ ಸುಮಾರು ಕಡೆ ಇಂಡಕ್ಷನ್ ಸ್ಟವ್ ಇರುತ್ತೆ, ಅದರ ಮೇಲೆ ಬಿಸಿನೇ ಆಗಲ್ಲ, ಇಂಡಕ್ಷನ್ ತಳ ಇರೋ ಸ್ಟೀಲ್‌ದು ನೋಡಿ ತಗೊಳ್ಳಿ. ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಒಂದು ಜಾಸ್ತಿ ಇಡಿ, ನನ್ನ ಗ್ಯಾಸ್ಕೆಟ್ ಫೆಬ್ರವರಿಲಿ ಹೋಯ್ತು, ಆ ಅಳತೇದು ಸಿಗೋಕೆ ಮೂರು ಅಂಗಡಿ ಅಲೆದೆ. ಕುಕ್ಕರ್ ಒಳಗೇ ಸಾರಿನ ಪುಡಿ ಪ್ಯಾಕೆಟ್ ತುಂಬಿದ್ರೆ ಸೂಟ್‌ಕೇಸಲ್ಲಿ ಜಾಗ ಉಳಿಯುತ್ತೆ. ಬರೋ ದಿನ ಇಲ್ಲಿ ತಿಳಿಸಿ, ನಾನು ಇನ್ನೂ ಗ್ಲಾಸ್ಗೋದಲ್ಲೇ ಇದೀನಿ, ಮೊದಲ ವಾರ ಜಿಪಿ, ಬಸ್ ಕಾರ್ಡ್ ಎಲ್ಲದಕ್ಕೂ ಜೊತೆಗೆ ಹೋಗ್ತೀನಿ.